ಕಿಳ್ಳೇಕ್ಯಾತ ಯಾರ ಮಾತೂ ಕೇಳೋದಿಲ್ಲ

ಗೊಂಬೆ ಅಂದರೆ ಹೇಳಿದ ಹಾಗೆ ಕೇಳುವ ವಸ್ತು ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ. ಜಗಳ ಬಂದಾಗ ‘ನಾನೇನು ನಿನ್ನ ಕೈಗೊಂಬೇನಾ?’ ಅಂತ ಕೇಳುತ್ತೇವೆ. ಮ್ಯಾನೇಜರ್ ಹೇಳಿದ್ದಕ್ಕೆಲ್ಲ ತಲೆ ಆಡಿಸುವ ಫೋರ್‌ಮನ್‌ನನ್ನು ‘ಸೂತ್ರದ ಗೊಂಬೆ’ ಅಂತ ಬೆನ್ನ ಹಿಂದೆ ಆಡಿಕೊಳ್ಳುತ್ತೇವೆ. ಸಂಸ್ಕೃತ ನಾಟಕದಲ್ಲಿ ಆಟ ನಡೆಸುವವನಿಗೇ ಸೂತ್ರಧಾರ, ಅಂದರೆ ದಾರ ಹಿಡಿದವನು, ಅಂತ ಹೆಸರು. ದಾರ ಅವನ ಕೈಯಲ್ಲಿ, ಕುಣಿಯುವುದು ಉಳಿದವರ ಪಾಲು.

ಆದರೆ ನಮ್ಮ ತೊಗಲು ಗೊಂಬೆಯಾಟದಲ್ಲಿ ಈ ಲೆಕ್ಕಕ್ಕೆ ಸಿಗದ ಒಬ್ಬ ಇದ್ದಾನೆ. ಕರಿ ಮೈ, ಮುಂದೆ ಬಂದ ಹೊಟ್ಟೆ, ದಪ್ಪ ತುಟಿ, ಕೆದರಿದ ಕೂದಲು. ಗಣಪತಿ ಸ್ತುತಿ, ಶಾರದೆ ಸ್ತುತಿ ಮುಗಿದು ಇನ್ನೇನು ಕಥೆ ಶುರುವಾಗಬೇಕು ಅನ್ನುವಾಗ ಕುಣಿಯುತ್ತಾ ಪರದೆಗೆ ನುಗ್ಗುತ್ತಾನೆ. ಹೆಂಡತಿ ಬಂಗಾರಕ್ಕನ ಜತೆ ಜಗಳ ತೆಗೆಯುತ್ತಾನೆ. ಹಾಡುವವರಿಗೆ ಎದುರು ಮಾತಾಡುತ್ತಾನೆ. ರಾಮ ಕಾಡಿಗೆ ಹೊರಟು ಎಲ್ಲರೂ ಕಣ್ಣು ಒರೆಸಿಕೊಳ್ಳುವ ಹೊತ್ತಿಗೆ ಊರ ಗೌಡರ ಮನೆ ಸುದ್ದಿ ಎತ್ತುತ್ತಾನೆ. ಅವನೇ ಕಿಳ್ಳೇಕ್ಯಾತ. ‘ಕ್ಯಾತೆ ತೆಗೆಯೋದು’ ಅಂತ ನಾವು ಹೇಳುವುದೆಲ್ಲ ಅವನನ್ನು ನೋಡಿದರೆ ನೆನಪಾಗುತ್ತದೆ.

ಈ ಸಲದ ವಾರ್ಷಿಕ ಸಂಚಿಕೆಗೆ ನಮ್ಮ ಜನಪದ ಕಲೆಗಳ ಬಗ್ಗೆ ಏನಾದರೂ ಬರೆಯಿರಿ ಅಂತ ಸಮಿತಿಯವರು ಕೇಳಿದಾಗ ನನಗೆ ಮೊದಲು ಹೊಳೆದದ್ದು ಇವನೇ. ನಾನು ಕೊಪ್ಪಳ ಸೀಮೆಯವನು, ಕುವೈತಿಗೆ ಬಂದು ಹದಿನಾಲ್ಕು ವರ್ಷ ಆಯ್ತು, ಎಸಿ ಡಕ್ಟ್ ಕೆಲಸ. ಗೊಂಬೆ ಮಾತು ಕೇಳದೆ ಇರುವುದು ತಾನಾಗಿ ಆಗುವುದಲ್ಲ, ಅದನ್ನು ಕಲಿಸಬೇಕು, ತಾಲೀಮು ಮಾಡಿಸಬೇಕು, ಅದಕ್ಕೆ ಬೇಕಾದ ಕೀಲು ಜೋಡಿಸಬೇಕು. ಮತ್ತು ಅದನ್ನು ಕಲಿತು ಉಳಿಸಿದವರು ನಮ್ಮ ಹಾಗೇ ಊರಿಂದೂರಿಗೆ ಹೋಗಿ ಬೇರೆಯವರ ಭಾಷೆಯಲ್ಲಿ ದುಡಿದವರು. ಇದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮನೆಯಲ್ಲಿ ಒಂದು ಭಾಷೆ, ಪರದೆ ಮೇಲೆ ಇನ್ನೊಂದು

ತೊಗಲು ಗೊಂಬೆ ಆಡಿಸುವ ಜನರಿಗೂ ಈ ಕೋಡಂಗಿಯ ಹೆಸರೇ ಅಂಟಿಕೊಂಡಿದೆ. ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಅಂತ ಕರೆಯುತ್ತಾರೆ. ಉತ್ತರ ಕರ್ನಾಟಕದ ಕೆಲವು ಕಡೆ ಕಟಬರು ಅನ್ನುತ್ತಾರೆ. ಆಡಿಸುವವನಿಗೆ ಆಡುವವನ ಹೆಸರು ಬಂದಿರುವುದು ವಿಚಿತ್ರ ಅಲ್ವಾ? ರಾಮನ ಆಟ ಆಡಿಸಿದವರಿಗೆ ರಾಮನ ಹೆಸರು ಬರಲಿಲ್ಲ, ಭೀಮನ ಹೆಸರು ಬರಲಿಲ್ಲ. ಜನರಿಗೆ ನೆನಪು ಉಳಿದದ್ದು ನಗಿಸಿದವನ ಹೆಸರು.

ಇವರ ಮನೆಮಾತು ಕನ್ನಡ ಅಲ್ಲ, ಮರಾಠಿಯ ಒಂದು ರೂಪ. ಒಲೆ ಮುಂದೆ, ಮಕ್ಕಳ ಹತ್ತಿರ, ಜಗಳದಲ್ಲಿ ಆ ಮಾತು. ಸಂಜೆ ಪರದೆ ಕಟ್ಟಿ ದೀಪ ಹಚ್ಚಿದ ಮೇಲೆ ಕನ್ನಡ. ಅದೂ ಎಂಥ ಕನ್ನಡ ಅಂದರೆ ದೇವರಿಗೆ, ರಾಜರಿಗೆ ಹಳೆಯ ಗಾಂಭೀರ್ಯದ ಕನ್ನಡ, ಕಿಳ್ಳೇಕ್ಯಾತನಿಗೆ ಆ ಊರಿನ ಬೀದಿ ಕನ್ನಡ. ಆಂಧ್ರದ ಕಡೆ ಹೋದ ಇದೇ ಬಳಗದವರು ತೆಲುಗಿನಲ್ಲಿ ಆಡಿಸುತ್ತಾರೆ, ತಮಿಳುನಾಡಿಗೆ ಹೋದವರು ತಮಿಳಿನಲ್ಲಿ. ಅಲ್ಲೆಲ್ಲ ಮನೆಯೊಳಗೆ ಮಾತ್ರ ಮರಾಠಿ ಉಳಿದಿದೆ. ಬಂಗಾರಕ್ಕ ತೆಲುಗು ಆಟದಲ್ಲೂ ಇದ್ದಾಳೆ, ಹೆಸರು ಕೂಡ ಅದೇ. ಗಂಡನ ಹೆಸರು ಮಾತ್ರ ಸೀಮೆಯಿಂದ ಸೀಮೆಗೆ ಬೇರೆ.

ಇವರು ಯಾವಾಗ ದಕ್ಷಿಣಕ್ಕೆ ಬಂದರು ಅನ್ನುವುದಕ್ಕೆ ಇವರಲ್ಲೇ ಕಥೆಗಳಿವೆ. ಮರಾಠ ದೊರೆಗಳ ಜತೆ ಬಂದೆವು ಅನ್ನುವುದು ಅದರಲ್ಲಿ ಮುಖ್ಯ. 17ನೇ ಶತಮಾನದಲ್ಲಿ ಶಿವಾಜಿಯ ತಂದೆ ಷಹಜಿ ಬೆಂಗಳೂರನ್ನು ಜಹಗೀರಾಗಿ ಪಡೆದು ಅಲ್ಲಿದ್ದ, ಇನ್ನೊಬ್ಬ ಮಗ ವೆಂಕೋಜಿ ತಂಜಾವೂರಿನಲ್ಲಿ ಮರಾಠ ಆಳ್ವಿಕೆ ಕಟ್ಟಿದ. ಸೈನ್ಯ ಹೋದ ದಾರಿಯಲ್ಲಿ ಅಡುಗೆಯವರು, ದರ್ಜಿಗಳು, ಆಟದವರು ಹೋಗುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಕಿಳ್ಳೇಕ್ಯಾತರ ಮೇಲೂ ಟಿಪ್ಪಣಿ ಇದೆ. ಮರಾಠ ಮೂಲದ ಅಲೆಮಾರಿಗಳು, ತೊಗಲಿನ ಚಿತ್ರ ಆಡಿಸುವವರು ಅಂತ. ಆಟ ಸಿಗದ ದಿನಗಳಲ್ಲಿ ಹೊಳೆ, ಕೆರೆಗಳಲ್ಲಿ ಮೀನು ಹಿಡಿಯುವುದು ಇವರ ಇನ್ನೊಂದು ಕಸುಬು. ಒಂದೇ ಕಸುಬನ್ನು ನಂಬಿಕೊಂಡರೆ ಹೊಟ್ಟೆ ತುಂಬುವುದಿಲ್ಲ ಅನ್ನುವುದು ಅಲೆದಾಡುವವರಿಗೆ ಬೇಗ ಗೊತ್ತಾಗುತ್ತದೆ. ನಮ್ಮಲ್ಲೂ ಎಷ್ಟು ಜನ ಡ್ಯೂಟಿ ಮುಗಿಸಿ ಪಾರ್ಟ್ ಟೈಮ್ ಹೋಗುವುದಿಲ್ಲ?

ಆಟ ಬರೀ ಮನರಂಜನೆಯೂ ಆಗಿರಲಿಲ್ಲ. ಮಳೆ ಹೋದರೆ, ದನಕರುಗಳಿಗೆ ರೋಗ ಬಂದರೆ ಗೊಂಬೆಯಾಟ ಆಡಿಸುತ್ತೇವೆ ಅಂತ ಊರವರು ಹರಕೆ ಹೊರುತ್ತಿದ್ದರು. ಗೊಂಬೆಗಳಿಗೂ ಮರ್ಯಾದೆ ಇತ್ತು. ರಾಮನನ್ನೂ ರಾವಣನನ್ನೂ ಒಂದೇ ಕಟ್ಟಿನಲ್ಲಿ ಒಟ್ಟಿಗೆ ಇಡಬಾರದು, ಇಟ್ಟರೆ ರಾತ್ರಿ ಜಗಳ ಆಡುತ್ತಾರೆ ಅಂತ ನಂಬಿಕೆ. ಹರಿದು ಹಳೆಯದಾದ ಗೊಂಬೆಯನ್ನು ಕಸಕ್ಕೆ ಎಸೆಯುತ್ತಿರಲಿಲ್ಲ, ಪೂಜೆ ಮಾಡಿ ಹೊಳೆಗೆ ಬಿಡುತ್ತಿದ್ದರು.

ರಾಜನಿಗೆ ಕೀಲು ಕಡಿಮೆ

ಈಗ ಗೊಂಬೆಯ ಕಡೆ ಬರೋಣ. ಮೇಕೆ ಚರ್ಮವನ್ನು, ಹಿಂದೆ ಜಿಂಕೆಯದನ್ನೂ, ಕೂದಲು ತೆಗೆದು, ಹೆರೆದು, ಬಿಸಿಲಿಗೆ ಎಳೆದು ಕಟ್ಟಿ ಒಣಗಿಸುತ್ತಾರೆ. ಬೆಳಕು ಹಾಯುವಷ್ಟು ತೆಳ್ಳಗಾಗಬೇಕು. ಮೇಲೆ ಗೆರೆ ಎಳೆದು, ಕತ್ತರಿಸಿ, ಕೆಂಪು, ಹಸಿರು, ಕಪ್ಪು ಬಣ್ಣ ಹಾಕುತ್ತಾರೆ. ಒಡವೆ, ಸೀರೆ ಅಂಚು ಇರುವ ಕಡೆ ಸಣ್ಣ ಸಣ್ಣ ತೂತು ಕೊರೆದರೆ ದೀಪದ ಬೆಳಕು ಅಲ್ಲಿಂದ ಮಿಂಚುತ್ತದೆ. ಸೀಳಿದ ಬಿದಿರು ಕಡ್ಡಿಯ ನಡುವೆ ಗೊಂಬೆಯನ್ನು ಸಿಕ್ಕಿಸಿ ಬಿಗಿದರೆ ಅದೇ ಬೆನ್ನುಮೂಳೆ. ಬಿಳಿ ಪರದೆ, ಹಿಂದೆ ದೀಪ, ನಡುವೆ ಗೊಂಬೆ. ಮೊದಲು ಎಣ್ಣೆ ದೀಪ, ಆಮೇಲೆ ಪೆಟ್ರೋಮ್ಯಾಕ್ಸ್, ಈಗ ಬಲ್ಬು.

ಕರ್ನಾಟಕದ ಗೊಂಬೆಗಳು ಆಂಧ್ರದವಕ್ಕಿಂತ ಸಾಮಾನ್ಯವಾಗಿ ಚಿಕ್ಕವು. ಅಲ್ಲಿನವು ಆಳೆತ್ತರಕ್ಕೆ ಹತ್ತಿರ ಬರುತ್ತವೆ, ಸೊಂಟ, ಭುಜ, ಮೊಣಕೈ, ಮೊಣಕಾಲಿಗೆಲ್ಲ ಕೀಲು. ನಮ್ಮಲ್ಲಿ ಇನ್ನೊಂದು ವಿಶೇಷ ಇದೆ. ಗೊಂಬೆಯ ಅಳತೆ ಪಾತ್ರದ ಅಂತಸ್ತಿನ ಮೇಲೆ ನಿಂತಿದೆ. ದೇವರು, ರಾಜರು ದೊಡ್ಡವರು. ಆಳು, ಕಾಳು, ಸಾಮಾನ್ಯ ಜನ ಚಿಕ್ಕವರು. ಕೆಲವು ಸಲ ಇಡೀ ರಾಜಸಭೆ, ಸಿಂಹಾಸನ, ಪಕ್ಕದಲ್ಲಿ ನಿಂತವರು ಎಲ್ಲ ಸೇರಿ ಒಂದೇ ತೊಗಲಿನ ತುಂಡು. ಅಂಥ ಗೊಂಬೆಯನ್ನು ಪರದೆಗೆ ಸಿಕ್ಕಿಸಿ ನಿಲ್ಲಿಸಿಬಿಟ್ಟರೆ ಆಯ್ತು, ಅಲುಗಾಡುವುದೇ ಇಲ್ಲ. ರಾಜನ ಮಾತನ್ನು ಹಿಂದಿನಿಂದ ಹೇಳಿದರೆ ಸಾಕು. ರಾಜ ಯಾಕೆ ಓಡಾಡಬೇಕು?

ಓಡಾಡಬೇಕಾದವನು ಕಿಳ್ಳೇಕ್ಯಾತ. ಅದಕ್ಕೇ ಅವನ ಕೈಕಾಲು ಬೇರೆ ಬೇರೆ ತುಂಡು, ನಡುವೆ ಕೀಲು. ಅಂತಸ್ತು ಕಡಿಮೆಯಾದಷ್ಟೂ ಕೀಲು ಜಾಸ್ತಿ ಅಂತ ಒರಟಾಗಿ ಹೇಳಬಹುದು. ನಮ್ಮ ಸೈಟಿನ ಲೆಕ್ಕವೂ ಅದೇ ತಾನೆ! ಎಸಿ ಕ್ಯಾಬಿನ್ನಿನಲ್ಲಿ ಕೂತವರಿಗೆ ಬಾಯಿ ಇದ್ದರೆ ಸಾಕು, ಮೂವತ್ತನೇ ಮಹಡಿಯಲ್ಲಿ ಡಕ್ಟ್ ಏರಿಸುವವನಿಗೆ ಮೈಯೆಲ್ಲ ಕೀಲು ಬೇಕು.

ಕೀಲು ಜಾಸ್ತಿ ಆದರೆ ಆಡಿಸುವುದು ಸುಲಭ ಅಂತ ತಿಳಿಯಬೇಡಿ. ಹೋದ ವರ್ಷ ರಾಜ್ಯೋತ್ಸವಕ್ಕೆ ಮಕ್ಕಳಿಗಾಗಿ ನಾವು ನಾಲ್ಕು ಜನ ಸೇರಿ ರೂಮಿನಲ್ಲೇ ನೆರಳಿನ ಆಟ ಮಾಡಿದೆವು. ಹಳೆಯ ಎಕ್ಸ್‌ರೇ ಹಾಳೆ ಕತ್ತರಿಸಿ ಗೊಂಬೆ, ಬೆಡ್‌ಶೀಟು ಪರದೆ, ಸೈಟಿನ ಹ್ಯಾಂಡ್ ಲ್ಯಾಂಪು ದೀಪ. ಮೂರು ಶುಕ್ರವಾರ ತಾಲೀಮು. ರಾಜನ ಗೊಂಬೆ ಮೊದಲನೇ ದಿನವೇ ಬಂತು. ಕೋಡಂಗಿಯ ಗೊಂಬೆ ಮೂರನೇ ವಾರಕ್ಕೂ ದಾರಿಗೆ ಬರಲಿಲ್ಲ. ಕೀಲಿಗೆ ಬಿಗಿಯಾಗಿ ವೈರ್ ಸುತ್ತಿದರೆ ಕೈ ಮೇಲೆ ಹೋದದ್ದು ಕೆಳಗೆ ಬರುವುದಿಲ್ಲ, ಆಶೀರ್ವಾದ ಮಾಡಿದ ಹಾಗೆ ನಿಂತುಬಿಡುತ್ತಾನೆ. ಸಡಿಲ ಬಿಟ್ಟರೆ ಕಾಲು ಹಿಂದಕ್ಕೆ ತಿರುಗುತ್ತದೆ. ಕಡ್ಡಿ ಪರದೆಯಿಂದ ಒಂದು ಬೆರಳು ದೂರ ಸರಿದರೂ ನೆರಳು ಮಸುಕಾಗಿ ಮುಖವೇ ಮಾಯ. ಗೊಂಬೆ ಹಿಡಿದಿದ್ದ ನಮ್ಮ ಬಾಗಲಕೋಟೆ ಗೆಳೆಯ ಕೊನೆಗೆ ‘ಈ ಮಗಾ ನನ್ನ ಮಾತು ಕೇಳವಲ್ಲ’ ಅಂತ ನೆಲಕ್ಕೆ ಇಟ್ಟ. ನಾವು ನಕ್ಕಿದ್ದು ಆಗಲೇ ಜಾಸ್ತಿ. ಅದೇ ಮಾತನ್ನು ಆಟದೊಳಗೆ ಸೇರಿಸಿದೆವು, ಮಕ್ಕಳೂ ಅಲ್ಲೇ ಜಾಸ್ತಿ ನಕ್ಕರು.

ಗುಡಿಯ ಕಟ್ಟೆ ಮೇಲಿನ ತಾಲೀಮು

ತೊಗಲು ಗೊಂಬೆಯವರ ತಾಲೀಮು ಅಂದರೆ ಪುಸ್ತಕ ಹಿಡಿದು ಮಾತು ಬಾಯಿಪಾಠ ಮಾಡುವುದಲ್ಲ. ಕಥೆಯ ಹಾಡು, ಪದ್ಯ ಅಪ್ಪನಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಕೇಳಿ ಕೇಳಿ ಬಂದದ್ದು. ಹೆಣ್ಣು ಪಾತ್ರದ ದನಿ ಮನೆಯ ಹೆಂಗಸರದ್ದೇ. ಗಂಡು ವೇಷ ಹೆಣ್ಣು ದನಿ ಅನ್ನುವ ತೊಂದರೆ ಇಲ್ಲಿಲ್ಲ. ಕಿಳ್ಳೇಕ್ಯಾತ ಒಂದು ಬೈದರೆ ಬಂಗಾರಕ್ಕ ಎರಡು ಬೈಯುತ್ತಾಳೆ, ಅದು ನಿಜವಾದ ಹೆಂಗಸಿನ ಬಾಯಿಂದಲೇ ಬರುತ್ತದೆ. ಯಕ್ಷಗಾನದಲ್ಲಿ ಕೋಡಂಗಿ ವೇಷ ಹಾಕಿ ಹುಡುಗರು ಮೊದಲು ರಂಗಕ್ಕೆ ಬಂದು ಹೆಜ್ಜೆ ಕಲಿಯುತ್ತಿದ್ದರು ಅಂತ ಕರಾವಳಿ ಕಡೆಯ ಗೆಳೆಯರಿಗೆ ಗೊತ್ತಿರುತ್ತದೆ. ಆದರೆ ತೊಗಲು ಗೊಂಬೆಯಲ್ಲಿ ಕೋಡಂಗಿಯೇ ಕಷ್ಟದ ಪಾಠ, ಯಾಕೆಂದರೆ ಅವನಿಗೆ ಬರೆದಿಟ್ಟ ಮಾತು ಇಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಮಳೆ ಕೈಕೊಟ್ಟ ವರ್ಷ ನಮ್ಮೂರಿಗೆ ಒಂದು ಮೇಳ ಬಂದಿತ್ತು. ಗುಡಿಯ ಪಕ್ಕ ಬಿಡಾರ. ಸ್ಕೂಲು ಬಿಟ್ಟ ಕೂಡಲೇ ನಾವು ಅಲ್ಲೇ. ಹಿರಿಯ ಆಟಗಾರ ಕಟ್ಟೆ ಮೇಲೆ ಕೂತು ಊರವರ ಹತ್ತಿರ ಮಾತಾಡುತ್ತಿದ್ದ. ಎಲೆ ಅಡಿಕೆ ಕೇಳುತ್ತಾ, ಯಾರ ಎತ್ತು ಸತ್ತಿತು, ಯಾರ ಮಗ ಬೆಂಗಳೂರಿಗೆ ಓಡಿ ಹೋದ, ಬೋರ್‌ವೆಲ್ ದುಡ್ಡು ಯಾರು ತಿಂದರು, ಎಲ್ಲ ವಿಚಾರಿಸುತ್ತಿದ್ದ. ಅದು ಹರಟೆ ಅಂತ ಊರವರು ತಿಳಿದಿದ್ದರು. ರಾತ್ರಿ ಎಲ್ಲವೂ ಪರದೆ ಮೇಲೆ ಬಂತು. ಬೋರ್‌ವೆಲ್ಲಿನ ಸುದ್ದಿ ಹೇಗೆ ಬಂತು ಅಂದರೆ, ಲಂಕೆಗೆ ಸೇತುವೆ ಕಟ್ಟುವಾಗ ಕಲ್ಲಿನ ಲೆಕ್ಕ ಬರೆಯುವ ಕೆಲಸ ಕಿಳ್ಳೇಕ್ಯಾತನಿಗೆ ಕೊಟ್ಟಿದ್ದರು! ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಜಮಖಾನೆ ಮೇಲೆ ಕೂತವರೂ ನಗಲೇಬೇಕಾಯ್ತು, ನಗದಿದ್ದರೆ ಒಪ್ಪಿಕೊಂಡ ಹಾಗೆ ಆಗುತ್ತಿತ್ತು.

ಆ ಮಧ್ಯಾಹ್ನದ ಇನ್ನೊಂದು ವಿಷಯ ನನಗೆ ಚೆನ್ನಾಗಿ ನೆನಪಿದೆ. ನನ್ನ ವಯಸ್ಸಿನವನೇ ಒಬ್ಬ ಹುಡುಗ, ಆಟಗಾರನ ಮೊಮ್ಮಗ, ಗುಡಿ ಗೋಡೆಯ ಮೇಲೆ ಬಿಸಿಲಿನ ನೆರಳು ಬೀಳಿಸಿ ಕಿಳ್ಳೇಕ್ಯಾತನನ್ನು ಆಡಿಸುತ್ತಾ ಕಲಿಯುತ್ತಿದ್ದ. ಗೊಂಬೆಗೆ ‘ಕುಣಿ’ ಅಂದರೆ ಕುಣಿಯುತ್ತಿತ್ತು, ‘ಕೂಡು’ ಅಂದರೆ ಕೂರುತ್ತಿತ್ತು. ನಮಗೆಲ್ಲ ಆಶ್ಚರ್ಯ. ಅಜ್ಜ ಮಾತ್ರ ಸಿಟ್ಟಾದ. ‘ಅಂವಾ ನೀ ಹೇಳಿದಂಗ ಕೇಳಾಕತ್ತಾನಲ್ಲೋ! ಕೇಳಬಾರದು ಅಂವಾ. ನೀ ಕೂಡು ಅಂದಾಗ ಅಂವಾ ನಿನ್ನ ಮಾರಿ ನೋಡಬೇಕು’ ಅಂದ. ತಾನೇ ಕಡ್ಡಿ ತೆಗೆದುಕೊಂಡು ತೋರಿಸಿದ. ‘ಕೂಡು’ ಅಂದ. ಗೊಂಬೆ ಕೂರಲಿಲ್ಲ. ನಿಧಾನಕ್ಕೆ ತಲೆ ತಿರುಗಿಸಿ ಅಜ್ಜನನ್ನೇ ನೋಡಿತು. ಮತ್ತೆ ‘ಕೂಡು’ ಅಂದ. ಒಂದು ಕಾಲು ಮಡಿಸಿತು, ಇನ್ನೊಂದು ಮಡಿಸಲಿಲ್ಲ. ನಾವೆಲ್ಲ ಗೊಳ್ಳನೆ ನಕ್ಕೆವು. ಒಬ್ಬನೇ ಮನುಷ್ಯ, ಅವನದೇ ಎರಡು ಕೈ, ಅವನದೇ ನಾಲಿಗೆ. ಆದರೂ ಅಲ್ಲಿ ಇಬ್ಬರು ಇದ್ದರು, ಒಬ್ಬ ಹೇಳುವವನು, ಇನ್ನೊಬ್ಬ ಕೇಳದವನು.

ಇದೇ ಈ ಆಟದ ತಂತ್ರ. ಬೋರ್‌ವೆಲ್ ದುಡ್ಡಿನ ಮಾತನ್ನು ಊರಿಗೆ ಬಂದ ಅಲೆಮಾರಿ ನೇರವಾಗಿ ಆಡಿದ್ದರೆ ಅವನ ಬಿಡಾರ ಕಿತ್ತು ಎಸೆಯುತ್ತಿದ್ದರು. ಅವತ್ತು ಆಡಿದ್ದು ಗೊಂಬೆ. ಆಟಗಾರ ಅದನ್ನು ಬೈದ, ಹೊಡೆದ, ‘ದೊಡ್ಡೋರು ಕೂತಾರ, ಬಾಯಿ ಮುಚ್ಚೋ’ ಅಂದ. ಅದು ಮುಚ್ಚಲಿಲ್ಲ. ಅವನೇನು ಮಾಡಬೇಕು ಪಾಪ!

ಬುರ್ಸಾದ ಇಬ್ಬರು ಕಟ್ಟಡ ಕೆಲಸಗಾರರು

ಇಂಥ ಮಾತು ಕೇಳದ ಗೊಂಬೆ ನಮ್ಮಲ್ಲಿ ಮಾತ್ರ ಇರುವುದಲ್ಲ. ನಾವು ಈಗ ಇರುವ ಈ ಕಡೆಯ ನಾಡುಗಳಲ್ಲೂ ಅವನ ಅಣ್ಣತಮ್ಮಂದಿರು ಇದ್ದಾರೆ. ನಮ್ಮ ಜತೆ ಕೆಲಸ ಮಾಡುವ ಸಿರಿಯಾದ ಎಲೆಕ್ಟ್ರಿಷಿಯನ್ ಒಬ್ಬರು ನಮ್ಮ ಎಕ್ಸ್‌ರೇ ಗೊಂಬೆಗಳನ್ನು ನೋಡಿ ‘ಕರಾಕೋಜ್!’ ಅಂತ ಕೂಗಿದರು. ಆಮೇಲೆ ಅವರಿಂದ ಕೇಳಿ, ಫೋನಿನಲ್ಲಿ ಹುಡುಕಿ ಓದಿ ತಿಳಿದುಕೊಂಡದ್ದು ಇದು.

ಟರ್ಕಿಯಲ್ಲಿ ಇವನ ಹೆಸರು ಕರಗ್ಯೋಜ್, ಅಂದರೆ ಕರಿಗಣ್ಣ. ಜೊತೆಗಾರನ ಹೆಸರು ಹಾಜಿವತ್. ಇವರ ಬಗ್ಗೆ ಒಂದು ದಂತಕಥೆ ಇದೆ. 14ನೇ ಶತಮಾನದಲ್ಲಿ ಸುಲ್ತಾನ್ ಓರ್ಹಾನ್ ಬುರ್ಸಾ ನಗರದಲ್ಲಿ ಮಸೀದಿ ಕಟ್ಟಿಸುತ್ತಿದ್ದ. ಅಲ್ಲಿ ಹಾಜಿವತ್ ಗಾರೆ ಕೆಲಸದವನು, ಕರಗ್ಯೋಜ್ ಕಮ್ಮಾರ. ಇಬ್ಬರೂ ಎಷ್ಟು ತಮಾಷೆ ಮಾಡುತ್ತಿದ್ದರು ಅಂದರೆ ಉಳಿದ ಕೆಲಸಗಾರರೆಲ್ಲ ಹಾರೆ, ಬಾಂಡ್ಲಿ ಕೆಳಗಿಟ್ಟು ಸುತ್ತ ನಿಂತು ಕೇಳುತ್ತಿದ್ದರು. ಕೆಲಸ ನಿಂತಿತು. ಸುಲ್ತಾನನಿಗೆ ಸಿಟ್ಟು ಬಂದು ಇಬ್ಬರನ್ನೂ ಕೊಲ್ಲಿಸಿದ. ಆಮೇಲೆ ಪಶ್ಚಾತ್ತಾಪ ಪಟ್ಟ. ಶೇಖ್ ಕುಷ್ತೆರಿ ಅನ್ನುವವರು ಆ ಇಬ್ಬರ ಆಕಾರವನ್ನು ಚರ್ಮದಲ್ಲಿ ಕತ್ತರಿಸಿ, ಪರದೆಯ ಹಿಂದೆ ಆಡಿಸಿ ಸುಲ್ತಾನನಿಗೆ ಸಮಾಧಾನ ಮಾಡಿದರಂತೆ. ಇದು ಕಥೆ, ಚರಿತ್ರೆಯ ದಾಖಲೆ ಅಲ್ಲ. ಆದರೂ ಬುರ್ಸಾದಲ್ಲಿ ಇವರ ಹೆಸರಿನ ಸ್ಮಾರಕ ಇದೆ. ಡೆಡ್‌ಲೈನ್ ಮೀರಿದ್ದಕ್ಕೆ ಕೆಲಸಗಾರನ ತಲೆ ಹೋದ ಕಥೆ ನಮ್ಮ ಕ್ಯಾಂಪಿನಲ್ಲಿ ಹೇಳಿದಾಗ ಯಾರೂ ಅದನ್ನು ಹಳೆಯ ಕಥೆ ಅನ್ನಲಿಲ್ಲ.

ಕರಗ್ಯೋಜ್ ಗೊಂಬೆಗಳು ಒಂಟೆ ಚರ್ಮದವು, ಸುಮಾರು 35ರಿಂದ 40 ಸೆಂಟಿಮೀಟರ್ ಎತ್ತರ. ಕಡ್ಡಿಯನ್ನು ನಮ್ಮಲ್ಲಿಯ ಹಾಗೆ ಕೆಳಗಿನಿಂದ ಅಲ್ಲ, ಪರದೆಗೆ ನೇರವಾಗಿ ಅಡ್ಡ ಹಿಡಿಯುತ್ತಾರೆ. ಇಲ್ಲೂ ಕೀಲಿನ ಲೆಕ್ಕ ನೋಡಿ. ಓದಿಕೊಂಡ, ಸಭ್ಯ ಹಾಜಿವತ್‌ಗೆ ಒಂದೇ ಕಡ್ಡಿ. ಒರಟ ಕರಗ್ಯೋಜ್‌ಗೆ ಎರಡು, ಎರಡನೆಯದು ಕೈಗೆ, ಯಾಕೆಂದರೆ ಅವನು ಹೊಡೆಯಬೇಕು. ಟೋಪಿಗೂ ಕೀಲು ಇದೆ, ಅದು ಹಾರಿ ಬೋಳು ತಲೆ ಕಾಣುತ್ತದೆ. ಹಾಜಿವತ್ ಅರಬ್ಬಿ, ಫಾರಸಿ ಸೇರಿಸಿ ದೊಡ್ಡ ದೊಡ್ಡ ಮಾತು ಆಡುತ್ತಾನೆ. ಕರಗ್ಯೋಜ್‌ಗೆ ಅದು ಅರ್ಥ ಆಗುವುದಿಲ್ಲ, ಅಥವಾ ಅರ್ಥ ಆಗದ ಹಾಗೆ ಮಾಡುತ್ತಾನೆ. ನಗುವೆಲ್ಲ ಅಲ್ಲೇ. ರಂಜಾನ್ ತಿಂಗಳ ರಾತ್ರಿಗಳಲ್ಲಿ ಕಾಫಿ ಅಂಗಡಿಗಳಲ್ಲಿ ಈ ಆಟ ನಡೆಯುತ್ತಿತ್ತು. ಒಬ್ಬನೇ ಆಟಗಾರ ಎಲ್ಲ ದನಿಗಳನ್ನೂ ಮಾಡುತ್ತಾನೆ, ಗೊಂಬೆ ಕೊಡಲು ಒಬ್ಬ ಸಹಾಯಕ.

ಆಟದಲ್ಲಿ ಬರುವ ಬೀದಿಯಲ್ಲಿ ಯಾರೆಲ್ಲ ಇದ್ದಾರೆ ಗೊತ್ತಾ? ಅಲ್ಬೇನಿಯಾದವನು, ಅರಬ, ಪರ್ಷಿಯಾದವನು, ಅರ್ಮೇನಿಯಾದವನು, ಯಹೂದಿ, ಕಪ್ಪು ಸಮುದ್ರದ ಕಡೆಯ ಲಾಜ್ ಜನರವನು. ಒಬ್ಬೊಬ್ಬರಿಗೂ ಒಂದೊಂದು ಕಸುಬು, ಒಂದೊಂದು ಉಚ್ಚಾರ. ಹೊಟ್ಟೆಪಾಡಿಗೆ ಇಸ್ತಾಂಬುಲ್‌ಗೆ ಬಂದು ಸೇರಿದ ಜನ. ನಮ್ಮ ಮೆಸ್ಸಿನ ಸಾಲು ನಿಂತ ಹಾಗೇ ಇದೆ. 19ನೇ ಶತಮಾನದಲ್ಲಿ ಕರಗ್ಯೋಜ್ ದೊಡ್ಡ ಅಧಿಕಾರಿಗಳನ್ನೂ ಬಿಡುತ್ತಿರಲಿಲ್ಲ. ಆ ಶತಮಾನದ ಕೊನೆಯ ಭಾಗದಲ್ಲಿ ಅರಮನೆಯ ಸೆನ್ಸಾರ್ ಬಂದು ಆ ನಾಲಿಗೆ ಕಟ್ಟಿಹಾಕಿತು. 1908ರಲ್ಲಿ ಸಂವಿಧಾನ ಮತ್ತೆ ಜಾರಿಗೆ ಬಂದ ಕೂಡಲೇ ಇಸ್ತಾಂಬುಲ್‌ನಲ್ಲಿ ಶುರುವಾದ ಒಂದು ನಗೆ ಪತ್ರಿಕೆ ಇಟ್ಟುಕೊಂಡ ಹೆಸರು ‘ಕರಗ್ಯೋಜ್’ ಅಂತಲೇ.

ಅರಬ್ ನಾಡಿನಲ್ಲಿ ನೆರಳಿನಾಟ ಇದಕ್ಕಿಂತಲೂ ಹಳೆಯದು. ಉಳಿದು ಬಂದಿರುವ ಹಳೆಯ ಅರಬ್ಬಿ ನೆರಳಿನಾಟದ ಪಠ್ಯಗಳು 13ನೇ ಶತಮಾನದ ಇಬ್ನ್ ದಾನಿಯಾಲ್ ಬರೆದ ಮೂರು ಆಟಗಳು. ಇವನೂ ವಲಸೆಗಾರನೇ. ಹುಟ್ಟಿದ್ದು ಇರಾಕಿನ ಮೋಸುಲ್‌ನಲ್ಲಿ. ಮಂಗೋಲರ ದಾಳಿಯಾದ ಮೇಲೆ ಹುಡುಗನಾಗಿದ್ದಾಗಲೇ ಕೈರೋಗೆ ಬಂದ. ಕಣ್ಣಿನ ವೈದ್ಯ ಆದ, ಜೊತೆಗೆ ನಗೆಯ ಆಟ ಬರೆದ. ಒಂದು ಆಟದಲ್ಲಿ ಸಂತೆಯ ಜನರೇ ಪಾತ್ರಗಳು, ಹಾವಾಡಿಗ, ಔಷಧಿ ಮಾರುವವನು, ಪ್ರಾಣಿ ಆಡಿಸುವವನು, ಒಬ್ಬರಾದ ಮೇಲೆ ಒಬ್ಬರು ಬಂದು ತಮ್ಮ ಕಸುಬಿನ ಮೋಸವನ್ನು ತಾವೇ ಹೇಳಿಕೊಳ್ಳುತ್ತಾರೆ.

ಜರ್ಮನಿಯ ವಿದ್ವಾಂಸ ರಿಚರ್ಡ್ ಪಿಶೆಲ್ 1900ರಲ್ಲಿ ಗೊಂಬೆಯಾಟದ ತವರು ಭಾರತವೇ, ನಮ್ಮ ವಿದೂಷಕನೇ ಯುರೋಪಿನ ಗೊಂಬೆ ಕೋಡಂಗಿಗಳ ಹಿರಿಯ ಅಂತ ವಾದ ಮಾಡಿದ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ನನಗೆ ಯಾರು ಮೊದಲು ಅನ್ನುವ ಹೆಮ್ಮೆಗಿಂತ ಇನ್ನೊಂದು ವಿಷಯ ದೊಡ್ಡದಾಗಿ ಕಾಣುತ್ತದೆ. ಎಲ್ಲೆಲ್ಲಿ ಬಾಯಿ ಬಿಡಲು ಹೆದರುವ ಜನ ಇದ್ದರೋ ಅಲ್ಲೆಲ್ಲ ಯಾರೋ ಒಬ್ಬರು ಚರ್ಮಕ್ಕೆ ಕೀಲು ಜೋಡಿಸಿ ಅದರ ಕೈಲಿ ಮಾತಾಡಿಸಿದ್ದಾರೆ.

ಯಾರನ್ನು ನೋಡಿ ನಗುವುದು

ಇಷ್ಟು ಹೇಳಿದ ಮೇಲೆ ಕಿಳ್ಳೇಕ್ಯಾತನನ್ನು ಬರೀ ಹೊಗಳಿದರೆ ಸರಿ ಆಗುವುದಿಲ್ಲ. ಹಳೆಯ ಆಟಗಳಲ್ಲಿ ಅಶ್ಲೀಲ ಮಾತು ಸಾಕಷ್ಟು ಇತ್ತು. ಕರಿಯ, ದಪ್ಪ ತುಟಿ, ಕುಳ್ಳ ಅನ್ನುವುದನ್ನೇ ನಗೆಯ ಗುರುತು ಮಾಡಿದ್ದಾರೆ. ಬಿಸಿಲಲ್ಲಿ ದುಡಿಯುವ ನಮ್ಮ ಬಣ್ಣವೂ ಅದೇ. ಕರಗ್ಯೋಜ್ ಆಟದಲ್ಲಿ ಹೊರಗಿನವರ ಉಚ್ಚಾರವನ್ನು ಅಣಕಿಸಿ ನಗಿಸುವುದು ಮುಖ್ಯ ಭಾಗ. ನಮ್ಮ ಸ್ಕಿಟ್‌ಗಳಲ್ಲೂ ಮಲಯಾಳಿಯ ಕನ್ನಡ, ಬಂಗಾಳಿಯ ಹಿಂದಿ ಅಣಕಿಸಿದರೆ ಸುಲಭಕ್ಕೆ ಚಪ್ಪಾಳೆ ಬೀಳುತ್ತದೆ. ಪಕ್ಕದ ಬೆಡ್ಡಿನವನು ಅದನ್ನು ಕೇಳಿದರೆ ಅವನಿಗೆ ಹೇಗೆ ಅನ್ನಿಸುತ್ತದೆ ಅಂತ ನಾವು ಯೋಚಿಸುವುದು ಕಡಿಮೆ.

ನಮ್ಮೂರಿನ ಆ ಅಜ್ಜನ ಆಟದಲ್ಲಿ ನಾನು ಗಮನಿಸಿದ್ದು ಒಂದಿದೆ. ಕಿಳ್ಳೇಕ್ಯಾತ ಮೊದಲು ತನ್ನನ್ನೇ ನಗೆ ಮಾಡಿಕೊಳ್ಳುತ್ತಿದ್ದ, ಆಮೇಲೆ ಹೆಂಡತಿ ಕೈಲಿ ಏಟು ತಿನ್ನುತ್ತಿದ್ದ, ಅದಾದ ಮೇಲೆಯೇ ಜಮಖಾನೆ ಮೇಲೆ ಕೂತವರ ಕಡೆ ತಿರುಗುತ್ತಿದ್ದ. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತವರ ಬಡತನವನ್ನು ಅವನು ಮುಟ್ಟಲಿಲ್ಲ. ಆ ಕ್ರಮ ನಮಗೂ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ.

ಈಗ ಏನು ಉಳಿದಿದೆ

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲು ಗೊಂಬೆಗಳ ದೊಡ್ಡ ಸಂಗ್ರಹ ಇದೆ. ಅದನ್ನು ಕಟ್ಟಿದ ಎಂ. ಎಸ್. ನಂಜುಂಡರಾವ್ ಈ ಕಲೆಯ ಮೇಲೆ ಪುಸ್ತಕವನ್ನೂ ಬರೆದರು. ರಜೆಗೆ ಹೋದವರು ಕುಮಾರಕೃಪಾ ರಸ್ತೆಗೆ ಹೋಗಿ ನೋಡಬಹುದು. ಬಳ್ಳಾರಿಯ ನಾಡೋಜ ಬೆಳಗಲ್ಲು ವೀರಣ್ಣನವರು ಇದೇ ತೊಗಲಿನಲ್ಲಿ ಗಾಂಧೀಜಿಯ ಕಥೆ, ಸ್ವಾತಂತ್ರ್ಯ ಹೋರಾಟದ ಕಥೆ ಆಡಿಸಿ, ಈ ಕಲೆ ರಾಮಾಯಣಕ್ಕೆ ಮಾತ್ರ ಮೀಸಲಲ್ಲ ಅಂತ ತೋರಿಸಿದರು. ಅವರು 2023ರಲ್ಲಿ ತೀರಿಕೊಂಡರು. ನಮ್ಮ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ಹಲವು ದೇಶಗಳಲ್ಲಿ ಆಟ ಆಡಿಸಿ ಬಂದ ಅಜ್ಜಿ. ಆ ಸುದ್ದಿ ಬಂದ ದಿನ ನಮ್ಮ ರೂಮಿನಲ್ಲಿ ಮೂರು ಜನ ಕೊಪ್ಪಳದವರು ಸ್ವೀಟು ಹಂಚಿದೆವು. ಬೈಗುಳದ ಹಾಗೆ ಬಳಕೆಯಾಗುತ್ತಿದ್ದ ಹೆಸರೊಂದು ರಾಷ್ಟ್ರಪತಿ ಭವನದಲ್ಲಿ ಕೇಳಿ ಬಂತು ಅನ್ನುವುದೇ ನಮಗೆ ದೊಡ್ಡದಾಗಿತ್ತು.

ಆಚೆ ಸಿರಿಯಾದಲ್ಲಿ ಕರಾಕೋಜ್ ಮತ್ತು ಅವನ ಗೆಳೆಯ ಐವಾಜ್‌ರ ಆಟವನ್ನು ಯುನೆಸ್ಕೊ 2018ರಲ್ಲಿ ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಯುದ್ಧಕ್ಕೆ ಜನ ಊರು ಬಿಟ್ಟರು, ನೋಡುವವರೂ ಕಡಿಮೆಯಾದರು, ಆಡಿಸುವವರೂ ಕಡಿಮೆಯಾದರು. ಟರ್ಕಿಯ ಕರಗ್ಯೋಜ್ 2009ರಲ್ಲೇ ಯುನೆಸ್ಕೊದ ಮುಖ್ಯ ಪಟ್ಟಿಗೆ ಸೇರಿದೆ.

ನಮ್ಮಲ್ಲಿ ಯುದ್ಧ ಇಲ್ಲ. ಆದರೂ ಇನ್ನೊಂದು ರೀತಿಯಲ್ಲಿ ಕಿಳ್ಳೇಕ್ಯಾತ ಕಡಿಮೆಯಾಗುತ್ತಿದ್ದಾನೆ. ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಉತ್ಸವದ ವೇದಿಕೆಗೆ ತಂದರೆ ಅರ್ಧ ಗಂಟೆ ಕೊಡುತ್ತಾರೆ. ಅರ್ಧ ಗಂಟೆಯಲ್ಲಿ ಲಂಕಾದಹನ ಆಗಬೇಕು. ಆಗ ಮೊದಲು ಕತ್ತರಿ ಬೀಳುವುದು ಕಥೆಗೆ ಸಂಬಂಧ ಇಲ್ಲದವನ ಮೇಲೆ. ಮೇಲಾಗಿ ಮಧ್ಯಾಹ್ನ ಕಾರಿನಲ್ಲಿ ಬಂದು ಸಂಜೆ ಆಡಿಸಿ ಹೋಗುವ ಮೇಳಕ್ಕೆ ಊರಿನ ಸುದ್ದಿ ಎಲ್ಲಿಂದ ಬರಬೇಕು? ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಕೇಳುವ ಹೊತ್ತೇ ಇಲ್ಲ. ಕಿಳ್ಳೇಕ್ಯಾತ ಬಂದರೂ ಎರಡು ಸುತ್ತು ಕುಣಿದು, ಹೇಳಿದ ಹಾಗೆ ಕೇಳಿ, ಒಳಗೆ ಹೋಗುತ್ತಾನೆ. ಗೊಂಬೆ ಉಳಿಯಿತು, ಅದರ ತಾಲೀಮು ಹೋಯ್ತು ಅಂದರೆ ಏನು ಉಳಿದ ಹಾಗೆ?

ನಮ್ಮ ಸಂಘದ ಮಟ್ಟಿಗೆ ನಾನು ಕೇಳುವುದು ಎರಡು. ಒಂದು, ಮುಂದಿನ ವರ್ಷ ಊರಿಂದ ಕಲಾವಿದರನ್ನು ಕರೆಸುವ ಮಾತು ಬಂದಾಗ ಸಿನಿಮಾ ಹಾಡಿನವರ ಜತೆ ಒಂದು ತೊಗಲು ಗೊಂಬೆ ಮೇಳದ ಹೆಸರೂ ಇರಲಿ. ಕರೆಸಿದರೆ ಅವರನ್ನು ನೇರ ಹೋಟೆಲಿಗೆ ಕಳಿಸದೆ ಎರಡು ದಿನ ಮೊದಲೇ ಕರೆಸಿ, ನಮ್ಮ ಕ್ಯಾಂಪಿನಲ್ಲಿ ಒಂದು ಸಂಜೆ ಕೂರಿಸಿ, ಚಹಾ ಕೊಟ್ಟು ನಮ್ಮ ಸುದ್ದಿ ಹೇಳೋಣ. ಯಾರ ಓವರ್‌ಟೈಮ್ ಬಾಕಿ ಇದೆ, ಯಾರ ಮಗು ಅಪ್ಪನನ್ನು ವಿಡಿಯೋ ಕಾಲಿನಲ್ಲಿ ಮಾತ್ರ ನೋಡಿದೆ, ಮೆಸ್ಸಿನ ಸಾಂಬಾರಿನಲ್ಲಿ ಬೇಳೆ ಎಲ್ಲಿ ಹೋಯ್ತು, ಎಲ್ಲ ಹೇಳೋಣ. ಏನು ಪರದೆಗೆ ತರಬೇಕು, ಏನು ಬಿಡಬೇಕು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ನೂರಾರು ವರ್ಷ ಬೇರೆಯವರ ಊರಿನಲ್ಲಿ ಬಿಡಾರ ಹಾಕಿದ ಜನ.

ಎರಡು, ನಿಮ್ಮೂರಿನಲ್ಲಿ ಗೊಂಬೆ ಆಡಿಸಿದ ಹಿರಿಯರು ಯಾರಾದರೂ ಇದ್ದರೆ ಈ ಸಲ ರಜೆಗೆ ಹೋದಾಗ ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಂಡು ಬನ್ನಿ. ರಾಮಾಯಣದ ಪದ ಹೇಗೂ ಹೇಳುತ್ತಾರೆ. ಅದು ಮುಗಿದ ಮೇಲೆ ಕಿಳ್ಳೇಕ್ಯಾತ ಬಂಗಾರಕ್ಕನ ಜಗಳ ಹೇಗಿತ್ತು ಅಂತ ಕೇಳಿ. ನಾಚಿಕೊಂಡು ಬೇಡ ಅನ್ನಬಹುದು. ಸ್ವಲ್ಪ ಹೊತ್ತು ಕೂತರೆ ಶುರು ಮಾಡುತ್ತಾರೆ.